ಐದನೆಯ ಗಿರಾಕಿ

ಬಾಡಿಗೆಯ ಮನೆಗಳಲ್ಲಿ ಹನ್ನೊಂದು ವರ್ಷ ಸಂಸಾರ ಮಾಡಿದ ಗೃಹಸ್ಥನಿಗೆ ಸ್ವಂತ ಮನೆಯ ವಿಷಯದಲ್ಲಿ ಒಂದೋ ವೈರಾಗ್ಯ ಬರಬೇಕು, ಇಲ್ಲವೇ ಹುಚ್ಚು ಹಿಡಿಯಬೇಕು. ವೈರಾಗ್ಯಕ್ಕೆ ಬೇಕಾದಷ್ಟು ಪೂರ್ವಜನ್ಮದ ಸುಕೃತ ನನ್ನಲ್ಲಿರಲಿಲ್ಲವೆಂದು ತೋರುತ್ತದೆ, ಹುಚ್ಚೇ ಹಿಡಿಯಿತು. ಅದೂ ಸಾಧಾರಣವಾದ ಹುಚ್ಚಲ್ಲ. ಇರುವುದಕ್ಕೊಂದು ಮನೆ ಬೇಕೆಂದು ಹಂಬಲಿಸಿದರೆ ನಾಲ್ಕು ಜನ ಮೆಚ್ಚುತ್ತಾರೆ. ನಾನು ಹಂಬಲಿಸಿದ್ದು ಅಗ್ಗವಾಗಿ ಕೊಂಡು, ಎರಡು ವರ್ಷ ಇಟ್ಟುಕೊಂಡು, ಲಾಭಕ್ಕೆ ಮಾರಿ, ಆ ಲಾಭದಿಂದ ಇರುವುದಕ್ಕೊಂದು ಮನೆ ಮಾಡಿಕೊಳ್ಳಬಹುದಾದಂಥ ಮನೆಗೆ.

ಈ ಬೀಜವನ್ನು ನನ್ನ ತಲೆಯಲ್ಲಿ ಬಿತ್ತಿದವನು ನನ್ನ ಭಾವಮೈದುನ. ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ನನ್ನ ಎರಡರಷ್ಟು ಸಂಪಾದಿಸುವ ಹುಡುಗ. ದೀಪಾವಳಿಗೆಂದು ಮೈಸೂರಿಗೆ ಬಂದಿದ್ದವನು ಎಣ್ಣೆನೀರು ಮುಗಿಸಿ, ಕಾಫಿಯ ಲೋಟ ಕೈಗೆತ್ತಿಕೊಂಡು ಅಪ್ಪಣೆ ಕೊಡಿಸಿದ: “ಭಾವ, ಬುದ್ಧಿವಂತರು ಯಜಮಾನರಿಂದ ಮನೆ ಕೊಳ್ಳುವುದಿಲ್ಲ, ಬ್ಯಾಂಕಿನಿಂದ ಕೊಳ್ಳುತ್ತಾರೆ. ಸಾಲ ತೀರಿಸಲಾರದವರ ಮನೆಯನ್ನು ಬ್ಯಾಂಕು ಹರಾಜು ಹಾಕುತ್ತದೆ. ಎಲ್ಲರಿಗೂ ತಿಳಿಯುವ ಮೊದಲು ನಮಗೆ ತಿಳಿದರೆ ಗೆದ್ದೆವು.” ಅರ್ಧ ಹಣ ಅವನದು, ಅರ್ಧ ನನ್ನದು, ಹುಡುಕುವ ಕೆಲಸ ಮಾತ್ರ ಪೂರ್ತಿಯಾಗಿ ನನ್ನದು ಎಂದು ಒಪ್ಪಂದವಾಯಿತು. ಮೇಷ್ಟರಿಗೆ ಬಿಡುವು ಹೆಚ್ಚು ಎಂಬ ಲೋಕಾಭಿಪ್ರಾಯವೇ ಈ ಹಂಚಿಕೆಗೆ ಆಧಾರ. ಊರಿನ ಗದ್ದೆಯಲ್ಲಿ ನನ್ನ ಪಾಲು ಮಾರಿ ಬಂದಿದ್ದ 30 ಲಕ್ಷ ರೂಪಾಯಿ ಬ್ಯಾಂಕಿನಲ್ಲಿ ಸುಮ್ಮನೆ ಮಲಗಿತ್ತು. ಅದನ್ನು ಎಬ್ಬಿಸುವ ಕಾಲ ಬಂದಿತೆಂದುಕೊಂಡೆ.

ಕನ್ನಡ ಎಂ.ಎ. ಮಾಡಿದವನಿಗೆ ಗ್ರಂಥಮುಖವಾಗಿ ಅಲ್ಲದೆ ಯಾವ ಕೆಲಸಕ್ಕೂ ಕೈಹಾಕಲು ಬಾರದು. ಮೊದಲು ನಿಘಂಟು ತೆಗೆದೆ. ಹರಾಜು ಎಂಬ ಮಾತು ಅರಬ್ಬಿಯ ಕಡೆಯಿಂದ ಬಂದದ್ದು. ಧಾರವಾಡದ ಕಡೆ ಹೇಳುವ ಲಿಲಾವು ಪೋರ್ಚುಗೀಸರು ಬಿಟ್ಟುಹೋದದ್ದು. ಒತ್ತೆ ಮಾತ್ರ ಅಚ್ಚಗನ್ನಡ. ಶಬ್ದಗಳ ಕುಲಗೋತ್ರ ತಿಳಿದದ್ದರಿಂದ ಒಂದು ಕಾಸೂ ಹುಟ್ಟಲಿಲ್ಲ. ಆಮೇಲೆ ಕಾಯಿದೆಯ ಪುಸ್ತಕ ತಂದೆ. 2002ರಲ್ಲಿ ಬಂದ ಈ ಕಾಯಿದೆಗೆ ವ್ಯವಹಾರದಲ್ಲಿ ಸರ್ಫೇಸಿ ಎಂದು ಹೆಸರು. ಅದಕ್ಕೆ ಮೊದಲು ಬ್ಯಾಂಕಿನವರು ಒತ್ತೆಯ ಮನೆಗಾಗಿ ನ್ಯಾಯಾಲಯದ ಮೆಟ್ಟಿಲು ಸವೆಸಬೇಕಾಗಿತ್ತು. ಈಗ ನ್ಯಾಯಾಲಯಕ್ಕೆ ಹೋಗದೆಯೇ ತಾವೇ ಮಾರಬಹುದು. 2004ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ಅಧಿಕಾರವನ್ನು ಎತ್ತಿಹಿಡಿಯಿತು. ಬೇಸಾಯದ ಭೂಮಿಗೆ ಮಾತ್ರ ಈ ಕಾಯಿದೆ ತಗಲದು.

ಹೆಣ್ಣು ನೋಡುವುದು, ನಿಶ್ಚಿತಾರ್ಥ, ಲಗ್ನಪತ್ರಿಕೆ, ಧಾರೆ ಎಂದು ಮದುವೆಗೆ ಕ್ರಮವಿರುವಂತೆ ಮನೆ ಕಳೆದುಕೊಳ್ಳುವುದಕ್ಕೂ ಒಂದು ಕ್ರಮವಿದೆ. ಸಾಲದ ಕಂತು 90 ದಿನ ಬಾಕಿ ಬಿದ್ದರೆ ಆ ಸಾಲಕ್ಕೆ ಅನುತ್ಪಾದಕ ಆಸ್ತಿ ಎಂಬ ಬಿರುದು ಬರುತ್ತದೆ. ಅನಂತರ, 60 ದಿನಗಳಲ್ಲಿ ಪೂರ್ತಿ ಕಟ್ಟಿರೆಂದು ತಗಾದೆಯ ನೋಟೀಸು. ಕಟ್ಟದಿದ್ದರೆ ಬಾಗಿಲಿಗೆ ಸ್ವಾಧೀನದ ಸೂಚನೆ ಅಂಟಿಸುತ್ತಾರೆ. ಅಂಟಿಸಿದ ಮಾತ್ರಕ್ಕೆ ಒಳಗಿನವರು ಹೊರಗೆ ಬರಬೇಕಾಗಿಲ್ಲ. ಮನೆ ಕಾಗದದ ಮೇಲೆ ಮಾತ್ರ ಬ್ಯಾಂಕಿನದಾಗುತ್ತದೆ. ಇದಕ್ಕೆ ಸಾಂಕೇತಿಕ ಸ್ವಾಧೀನವೆನ್ನುತ್ತಾರೆ. ಕಡೆಯದಾಗಿ ಹರಾಜಿನ ಪ್ರಕಟಣೆ. ಅದಾದ 30 ದಿನಗಳ ಮೇಲೆ ಮಾರಾಟ. ಮೊದಲ ಸಲ ಯಾರೂ ಕೂಗದಿದ್ದರೆ ಮತ್ತೊಮ್ಮೆ 15 ದಿನಗಳ ಪ್ರಕಟಣೆ, ಸಾಮಾನ್ಯವಾಗಿ ಇನ್ನಷ್ಟು ಇಳಿದ ಬೆಲೆಗೆ.

ಈ ವಿದ್ಯೆಗೆ ಹೊಸಬರಾದವರು ಎಲ್ಲರೂ ಎಡವುವುದು ಇಲ್ಲಿಯೇ. ಅವರು ಕಡೆಯ ಮೆಟ್ಟಿಲಿನಲ್ಲಿ ಕಾದು ನಿಲ್ಲುತ್ತಾರೆ. ಸರ್ಕಾರಿ ಬ್ಯಾಂಕುಗಳ ಹರಾಜಿನ ಸ್ವತ್ತುಗಳನ್ನೆಲ್ಲ ಒಂದೆಡೆ ತೋರಿಸುವ ಬ್ಯಾಂಕ್‌ನೆಟ್ ಎಂಬ ಅಂತರ್ಜಾಲ ತಾಣ 2025ರ ಜನವರಿಯಲ್ಲಿ ಬಂದಿದೆ. ಬಹಳ ಉಪಯುಕ್ತವಾದದ್ದು, ಸಂದೇಹವಿಲ್ಲ. ಆದರೆ ಮನೆ ಅಲ್ಲಿ ಕಾಣಿಸಿಕೊಳ್ಳುವುದು ಹರಾಜು ಗೊತ್ತಾದ ಮೇಲೆ. ಅಷ್ಟು ಹೊತ್ತಿಗೆ ಊಟದ ಪಂಕ್ತಿ ಭರ್ತಿಯಾಗಿರುತ್ತದೆ. ಅಡಿಗೆಮನೆಯ ಪರಿಮಳ ಹಿಡಿಯಬೇಕಾದರೆ ಇನ್ನೂ ಮುಂಚೆ ಹೋಗಬೇಕು.

ಆ ಪರಿಮಳ ಬರುವುದು ದಿನಪತ್ರಿಕೆಯ ಒಳಪುಟಗಳಲ್ಲಿ. ಸ್ವಾಧೀನ ಪಡೆದ ಏಳು ದಿನಗಳೊಳಗೆ ಬ್ಯಾಂಕು ಅದನ್ನು ಎರಡು ಪ್ರಮುಖ ಪತ್ರಿಕೆಗಳಲ್ಲಿ ಪ್ರಕಟಿಸಬೇಕು, ಅವುಗಳಲ್ಲಿ ಒಂದು ಪ್ರಾಂತಭಾಷೆಯದಾಗಿರಬೇಕು ಎಂದು ನಿಯಮ. ತಗಾದೆಯ ನೋಟೀಸನ್ನು ಸಾಲಗಾರ ತೆಗೆದುಕೊಳ್ಳದೆ ತಪ್ಪಿಸಿಕೊಂಡರೆ ಅದನ್ನೂ ಹೀಗೆಯೇ ಪ್ರಕಟಿಸುತ್ತಾರೆ. ಹೊರಗಿನವರ ಕಣ್ಣಿಗೆ ಬೀಳುವ ಮೊಟ್ಟಮೊದಲ ಸುಳಿವು ಅದು. ಹರಾಜಿಗೆ ಎಷ್ಟೋ ವಾರ, ಕೆಲವು ಸಲ ತಿಂಗಳುಗಳ ಮೊದಲೇ, ಸಾಲಗಾರನ ಹೆಸರು, ಬಾಕಿಯ ಮೊತ್ತ, ನಿವೇಶನದ ಸಂಖ್ಯೆ, ನಾಲ್ಕು ದಿಕ್ಕಿನ ಚಕ್ಕುಬಂದಿ, ಬ್ಯಾಂಕಿನ ಅಧಿಕೃತ ಅಧಿಕಾರಿಯ ವಿವರ ಎಲ್ಲವೂ ಅಲ್ಲಿ ಅಚ್ಚಾಗಿರುತ್ತವೆ. ಅವುಗಳನ್ನು ಯಾರೂ ಓದುವುದಿಲ್ಲ. ಓದದಿರುವುದಕ್ಕೆ ಕಾರಣ ಅದರ ಕನ್ನಡ. ‘ಸದರಿ’, ‘ಮೇಲ್ಕಾಣಿಸಿದ’, ‘ಇದರಡಿಯಲ್ಲಿ ಹೊಂದಿಕೊಂಡಂತೆ’ ಎಂದು ಒಂದೇ ವಾಕ್ಯ ಅರ್ಧ ಕಾಲಮು ಹರಿದು, ಕ್ರಿಯಾಪದ ಸಿಕ್ಕದೆ ಒಣಗಿಹೋಗುತ್ತದೆ. ಹಳಗನ್ನಡದ ಅನ್ವಯ ಬಿಡಿಸಿ ಅಭ್ಯಾಸವಿದ್ದ ನನಗೆ ಅದು ಕಷ್ಟವಾಗಲಿಲ್ಲ. ನನ್ನ ಪದವಿ ಹಣಕಾಸಿನ ವಿಚಾರದಲ್ಲಿ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಹೀಗೆ ಪ್ರತಿದಿನ ಬೆಳಿಗ್ಗೆ ಕತ್ತರಿ ಹಿಡಿದು ಕುಳಿತೆ. ಕತ್ತರಿಸಿದ ಸೂಚನೆಗಳನ್ನು ಒಂದು ಹಳೆಯ ನೋಟು ಪುಸ್ತಕದಲ್ಲಿ ಅಂಟಿಸಿ, ಅಂಚಿನಲ್ಲಿ ಕೆಂಪು ಶಾಯಿಯಿಂದ ಟಿಪ್ಪಣಿ ಬರೆಯುತ್ತಿದ್ದೆ. ಒಂದು ದಿನ ನನ್ನಾಕೆ ಆ ಪುಸ್ತಕವನ್ನು ತಿರುವಿಹಾಕಿ, “ಕಂಡವರ ಮನೆಯ ಸೂತಕದ ಸುದ್ದಿಯನ್ನೆಲ್ಲ ಕೂಡಿಟ್ಟ ಹಾಗಿದೆ” ಎಂದಳು. ಹೆಂಗಸರಿಗೆ ವ್ಯವಹಾರಜ್ಞಾನ ಸಾಲದೆಂದು ನಾನು ಮನಸ್ಸಿನಲ್ಲಿಯೇ ನಕ್ಕೆ. ಬಾಯಿಬಿಟ್ಟು ನಗುವಷ್ಟು ಧೈರ್ಯ ಇರಲಿಲ್ಲ.

ಮೊದಲ ಮೂರು ಪ್ರಯತ್ನಗಳ ಕಥೆಯನ್ನು ಬೇಗ ಮುಗಿಸಿಬಿಡುತ್ತೇನೆ. ಒಂದು ನಿವೇಶನದ ಚಕ್ಕುಬಂದಿಯಲ್ಲಿ ಪೂರ್ವಕ್ಕೆ ರಸ್ತೆ ಎಂದಿತ್ತು. ಹೋಗಿ ನೋಡಿದರೆ ಪೂರ್ವಕ್ಕೆ ಚರಂಡಿ, ರಸ್ತೆ ಎಲ್ಲಿಯೂ ಇಲ್ಲ. ಇನ್ನೊಂದು ಮನೆಗೆ ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಋಣಭಾರದ ಪತ್ರ ತೆಗೆಸಿದಾಗ, ಅದೇ ಮನೆಯ ಮೇಲೆ ಎರಡು ಕಡೆ ಒತ್ತೆಯ ದಾಖಲೆ ಇತ್ತು. ಮೂರನೆಯದರ ಒಳಗೆ ಬಾಡಿಗೆದಾರನಿದ್ದ. ಯಜಮಾನ ಬೆಂಗಳೂರಿನ ಸಾಲ ವಸೂಲಿ ನ್ಯಾಯಮಂಡಳಿಗೆ ಮೊರೆಹೋಗಿ ತಡೆ ತಂದಿದ್ದ. ಸ್ವಾಧೀನದಿಂದ 45 ದಿನಗಳೊಳಗೆ ಹಾಗೆ ಮೊರೆಹೋಗಲು ಸಾಲಗಾರನಿಗೆ ಹಕ್ಕಿದೆ. ಬ್ಯಾಂಕು ಮಾರುವುದು ‘ಇದ್ದಲ್ಲಿ ಇದ್ದಂತೆ’. ಒಳಗಿರುವವರನ್ನು ಬಿಡಿಸಿಕೊಳ್ಳುವ ಹೊಣೆ, ಹಿಂದಿನ ಕಂದಾಯದ ಬಾಕಿ, ವಿದ್ಯುತ್ತಿನ ಬಾಕಿ ಎಲ್ಲವೂ ಕೊಂಡವನ ತಲೆಗೆ ಬರಬಹುದು. ಮೂರು ಸೋಲುಗಳಲ್ಲಿ ನಾನು ಕಳೆದುಕೊಂಡದ್ದು ಮೂರು ಭಾನುವಾರ ಮತ್ತು ಒಂದು ಜೊತೆ ಚಪ್ಪಲಿ. ಇಷ್ಟು ಅಗ್ಗವಾಗಿ ಪಾಠ ಕಲಿತವರು ಕಡಮೆ.

ನಾಲ್ಕನೆಯದು ಈ ಬರಹಕ್ಕೆ ಕಾರಣವಾದ ಮನೆ. ಮೈಸೂರಿನ ಒಂದು ಹಳೆಯ ಬಡಾವಣೆಯಲ್ಲಿ ಮೂವತ್ತು-ನಲವತ್ತರ ನಿವೇಶನ. ಬ್ಯಾಂಕಿಗೆ ಬರಬೇಕಾದ ಬಾಕಿ 41 ಲಕ್ಷ ಚಿಲ್ಲರೆ. ಸ್ವಾಧೀನ ಸೂಚನೆ ಗುರುವಾರ ಅಚ್ಚಾಗಿತ್ತು. ಭಾನುವಾರ ಬೆಳಿಗ್ಗೆ ನಾನು ಅಲ್ಲಿದ್ದೆ. ಗೇಟಿನ ಪಕ್ಕದ ಗೋಡೆಗೆ ಅಂಟಿಸಿದ್ದ ಕಾಗದ ಮಳೆಗೆ ಅರ್ಧ ಕಳಚಿ ಜೋಲಾಡುತ್ತಿತ್ತು. ಅಂಗಳದಲ್ಲಿ ಒಂದು ತೆಂಗು, ಒಂದು ದಾಸವಾಳ. ಜಗುಲಿಯ ಮೇಲೆ ಎಪ್ಪತ್ತು ದಾಟಿದ ಹಿರಿಯರೊಬ್ಬರು ಪತ್ರಿಕೆ ಓದುತ್ತ ಕುಳಿತಿದ್ದರು. ನಾನು ರಸ್ತೆಯಲ್ಲಿ ಅತ್ತಿಂದಿತ್ತ ಎರಡು ಸಲ ನಡೆದು, ಮನೆಯ ಮುಂಭಾಗವನ್ನು ಹೆಜ್ಜೆಯಲ್ಲಿ ಅಳೆದುಕೊಂಡು, ಗೋಡೆಯ ಬಿರುಕುಗಳನ್ನು ಎಣಿಸಿ, ಆಮೇಲೆ ಗೇಟಿನ ಬಳಿ ನಿಂತು, ಇಲ್ಲದ ಒಬ್ಬ ಪ್ರೊಫೆಸರರ ಮನೆಯ ವಿಳಾಸ ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿ, ಅಂಥವರು ಈ ಬೀದಿಯಲ್ಲಿಲ್ಲವೆಂದೂ ಮುಂದಿನ ಅಡ್ಡರಸ್ತೆಯಲ್ಲಿ ವಿಚಾರಿಸಬಹುದೆಂದೂ ಹೇಳಿ, ಬಿಸಿಲಿನಲ್ಲಿ ಬಂದಿದ್ದೀರೆಂದು ಒಂದು ಲೋಟ ನೀರು ತರಿಸಿಕೊಟ್ಟರು. ನಾನು ನೀರು ಕುಡಿಯುತ್ತ ಒಳಗಿನ ನೆಲಹಾಸನ್ನು ನೋಡಿಕೊಂಡೆ. ಕೆಂಪು ಗಾರೆ, ಗಟ್ಟಿಯಾಗಿತ್ತು.

ಅಂದು ರಾತ್ರಿ ಲೆಕ್ಕ ಹಾಕಿದೆ. ಪೇಟೆಯ ಬೆಲೆ 90 ಲಕ್ಷಕ್ಕೆ ಕಡಮೆಯಿಲ್ಲ. ಒಳಗೆ ಜನ ಇರುವ ಮನೆಯಾದ್ದರಿಂದ ಹರಾಜಿನಲ್ಲಿ ಪೈಪೋಟಿ ಇರದು. ಒಂದು ಸುತ್ತು ಖಾಲಿ ಹೋದರೆ 65ಕ್ಕೆ ಸಿಕ್ಕೀತು. ಹಣದ ವೇಳಾಪಟ್ಟಿಯನ್ನೂ ಬರೆದೆ: ಮುಂಗಡ ಠೇವಣಿ ಸಾಮಾನ್ಯವಾಗಿ ಮೀಸಲು ಬೆಲೆಯ ನೂರಕ್ಕೆ 10, ಕೂಗು ನಮ್ಮದಾದರೆ ಅದೇ ದಿನ ಅಥವಾ ಮರುದಿನದ ಕೆಲಸದ ವೇಳೆಯೊಳಗೆ ಠೇವಣಿಯೂ ಸೇರಿ ನೂರಕ್ಕೆ 25, ಉಳಿದದ್ದು ಮಾರಾಟ ಸ್ಥಿರವಾದ 15 ದಿನಗಳಲ್ಲಿ. ತಪ್ಪಿದರೆ ಕಟ್ಟಿದ್ದು ಮುಟ್ಟುಗೋಲು. ಭಾವಮೈದುನನ ಪಾಲು ಸೇರಿಸಿ ಎಲ್ಲ ಸರಿಹೊಂದುತ್ತಿತ್ತು. ಲಾಭ 25 ಲಕ್ಷ. ಆ ಅಂಕಿಯ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದೆ.

ನನ್ನಾಕೆ ಹೆಗಲ ಮೇಲಿಂದ ನೋಡಿ ಕೇಳಿದಳು: “ಈ ಇಪ್ಪತ್ತೈದು ಲಕ್ಷ ಎಲ್ಲಿಂದ ಬರುತ್ತದೆ?”

“ಅಗ್ಗವಾಗಿ ಸಿಕ್ಕುವುದರಿಂದ.”

“ಅಗ್ಗ ಎಲ್ಲಿಂದ ಬರುತ್ತದೆ?”

ಬ್ಯಾಂಕಿನಿಂದ ಎಂದು ಹೇಳಲು ಹೊರಟವನು ಕಾಗದ ನೋಡಿ ತಡೆದೆ. ಬ್ಯಾಂಕು ಒಂದು ಕಾಸನ್ನೂ ಕಳೆದುಕೊಳ್ಳುವುದಿಲ್ಲ. ಅದಕ್ಕೆ ಬರಬೇಕಾದ 41 ಲಕ್ಷ ಹೇಗೂ ಬರುತ್ತದೆ. ಹರಾಜಿನಲ್ಲಿ ಬಾಕಿಗಿಂತ ಹೆಚ್ಚು ಬಂದದ್ದು, ಖರ್ಚು ಕಳೆದು, ಯಜಮಾನನಿಗೆ ಸಲ್ಲಬೇಕೆಂದು ಕಾಯಿದೆಯಲ್ಲಿಯೇ ಇದೆ. ಮನೆ 65ಕ್ಕೆ ಹೋದರೆ ಆ ಹಿರಿಯರಿಗೆ ಉಳಿಯುವುದು 24 ಲಕ್ಷ. 90ಕ್ಕೆ ಮಾರಿದರೆ ಉಳಿಯುವುದು 49. ನನ್ನ ಲಾಭವೆಂದು ಎರಡು ಗೆರೆ ಎಳೆದ 25 ಲಕ್ಷ, ಒಂದು ರೂಪಾಯಿಯೂ ಹೆಚ್ಚುಕಡಮೆಯಿಲ್ಲದೆ, ನನಗೆ ನೀರು ಕೊಟ್ಟವರ ಜೇಬಿನದು. ನಾನು ಪುಸ್ತಕ ಮುಚ್ಚಿ, “ನಾನು ಕೊಳ್ಳದಿದ್ದರೆ ಇನ್ನೊಬ್ಬ ಕೊಳ್ಳುತ್ತಾನೆ” ಎಂದೆ. “ಅದು ಹೌದು” ಎಂದು ಹೇಳಿ ಅವಳು ದೀಪ ಆರಿಸಿದಳು. ಅವಳು ವಾದಿಸಿದ್ದರೆ ನನಗೆ ನಿದ್ರೆ ಬರುತ್ತಿತ್ತು.

ಆ ವಾರ ಪದವಿ ತರಗತಿಯಲ್ಲಿ ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ ನಡೆದಿತ್ತು. ವಿಶ್ವಾಮಿತ್ರನ ಸಾಲಕ್ಕಾಗಿ ಹರಿಶ್ಚಂದ್ರ ಕಾಶಿಯಲ್ಲಿ ಹೆಂಡತಿ ಮಕ್ಕಳನ್ನು ಮಾರಿ ಕಡೆಗೆ ತನ್ನನ್ನೂ ಮಾರಿಕೊಳ್ಳುವ ಸಂದರ್ಭ. ನಕ್ಷತ್ರಿಕನ ಪೀಡೆಯನ್ನು ಈಗಿನ ವಸೂಲಿಯ ದೂರವಾಣಿ ಕರೆಗಳಿಗೆ ಹೋಲಿಸಿ ಹುಡುಗರನ್ನು ನಗಿಸುವುದು ನನ್ನ ಹಳೆಯ ಪದ್ಧತಿ. ಅಂದು ನಗಿಸಿದ ಮೇಲೆ ಒಂದು ವಿಚಾರ ಹೊಳೆಯಿತು. ಮಾರಿದವನು, ಮಾರಿಸಿದವನು, ಬೆನ್ನುಹತ್ತಿ ಪೀಡಿಸಿದವನು, ಇವರ ಪಾತ್ರಚಿತ್ರಣದ ಮೇಲೆಲ್ಲ ಇಷ್ಟು ವರ್ಷ ಪರೀಕ್ಷೆಯಲ್ಲಿ ಪ್ರಶ್ನೆ ಕೇಳಿದ್ದೇನೆ. ಚಂದ್ರಮತಿಯನ್ನು ದುಡ್ಡು ಕೊಟ್ಟು ಮನೆಗೆ ಕರೆದುಕೊಂಡು ಹೋದವನ ವಿಚಾರ ಒಂದು ಸಲವೂ ಕೇಳಿಲ್ಲ. ಅವನೂ ಪೇಟೆಯ ದರ ವಿಚಾರಿಸಿಯೇ ಬಂದಿದ್ದಿರಬೇಕು.

ಮನೆಗೆ ಬಂದು ಕಾಯಿದೆಯನ್ನು ಮತ್ತೊಮ್ಮೆ ಓದಿದೆ. ಈ ಸಲ ಕೊಳ್ಳುವವನ ಕಣ್ಣಿನಿಂದಲ್ಲ, ಕಳೆದುಕೊಳ್ಳುವವನ ಕಣ್ಣಿನಿಂದ. ಹದಿಮೂರನೆಯ ಕಲಮಿನ ಎಂಟನೆಯ ಉಪಕಲಮಿನಲ್ಲಿ ಒಂದು ಮಾತು ಸಿಕ್ಕಿತು. ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಸಾಲಗಾರನ ಹಕ್ಕು ಹಿಂದೆ ಮಾರಾಟದ ದಿನದವರೆಗೂ ಇತ್ತು. 2016ರ ತಿದ್ದುಪಡಿಯ ಮೇಲೆ ಅದು ಹರಾಜಿನ ಪ್ರಕಟಣೆ ಹೊರಡುವವರೆಗೆ ಮಾತ್ರ. ಪ್ರಕಟಣೆ ಹೊರಟ ಮೇಲೆ ಹಣದ ಮೂಟೆ ಹೊತ್ತು ತಂದರೂ ಹಕ್ಕಿನಿಂದ ಕೇಳುವಂತಿಲ್ಲವೆಂದು 2023ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿದೆ. ಅಂದರೆ ಸ್ವಾಧೀನ ಸೂಚನೆಗೂ ಹರಾಜಿನ ಪ್ರಕಟಣೆಗೂ ನಡುವೆ ಇರುವ ಆ ಕೆಲವು ವಾರಗಳು, ಭಾವಮೈದುನನೂ ನಾನೂ ‘ಎಲ್ಲರಿಗಿಂತ ಮೊದಲು’ ಎಂದು ಕರೆದು ಹಿಗ್ಗುತ್ತಿದ್ದ ಆ ವಾರಗಳು, ಮನೆಯೊಳಗಿರುವವನಿಗೆ ಕಡೆಯ ಅವಕಾಶ. ಅದು ಅವರಿಗೆ ಗೊತ್ತಿದೆಯೋ ಇಲ್ಲವೋ?

ಇಲ್ಲಿ ನಾನು ಒಡನೆಯೇ ಎದ್ದು ಓಡಿದೆನೆಂದು ಬರೆದರೆ ವಾಚಕರು ಸಂತೋಷಪಡುತ್ತಾರೆ. ಆದರೆ ಅದು ಸುಳ್ಳಾಗುತ್ತದೆ. ನಾನು ಹನ್ನೊಂದು ದಿನ ಸುಮ್ಮನಿದ್ದೆ. ಅವರಿಗೆ ವಕೀಲರಿರುತ್ತಾರೆ, ಮಕ್ಕಳಿರುತ್ತಾರೆ, ಪರರ ಸಂಸಾರದಲ್ಲಿ ತಲೆಹಾಕುವುದು ಸಭ್ಯತೆಯಲ್ಲ ಎಂದೆಲ್ಲ ಸಮಾಧಾನ ಹೇಳಿಕೊಂಡೆ. ಪ್ರತಿದಿನ ಬೆಳಿಗ್ಗೆ ಪತ್ರಿಕೆ ಬಿಡಿಸುವಾಗ, ಹರಾಜಿನ ಪ್ರಕಟಣೆ ಬಂದಿರಲಿ ಎಂದು ಒಂದು ಮನಸ್ಸು, ಬಂದಿರದಿರಲಿ ಎಂದು ಇನ್ನೊಂದು. ಬಂದಿದ್ದರೆ ಹೇಳಬೇಕಾದ ಕೆಲಸ ತಪ್ಪುತ್ತಿತ್ತು. ಅಷ್ಟು ಕೀಳಾದ ಆಸೆ ನನ್ನಲ್ಲಿರಬಹುದೆಂದು ನನಗೇ ಗೊತ್ತಿರಲಿಲ್ಲ. ಹನ್ನೆರಡನೆಯ ದಿನ, ಗುರುವಾರ ಸಂಜೆ, ಕಾಯಿದೆಯ ಆ ಪುಟದ ಪ್ರತಿ ಮಾಡಿಸಿಕೊಂಡು ಹೊರಟೆ.

ಹಿರಿಯರು ಅದೇ ಜಗುಲಿಯ ಮೇಲಿದ್ದರು. ನನ್ನನ್ನು ಕಂಡು, “ಬನ್ನಿ. ಪ್ರೊಫೆಸರರ ಮನೆ ಸಿಕ್ಕಿತೇ?” ಎಂದರು. ನಾನು ತೊದಲುತ್ತಿರುವಾಗ ಅವರೇ ಮುಂದುವರಿಸಿದರು: “ಸಂಕೋಚ ಬೇಡ. ನೀವು ಐದನೆಯವರು. ಒಬ್ಬರು ನಲ್ಲಿ ರಿಪೇರಿಯವರು, ಇಬ್ಬರು ಬಾಡಿಗೆ ಮನೆ ಹುಡುಕುವವರು, ಒಬ್ಬರು ಮಠಕ್ಕೆ ಚಂದಾ ಕೇಳುವವರು, ಆಮೇಲೆ ನೀವು. ಇಷ್ಟೂ ಜನರಲ್ಲಿ ಮನೆ ಅಳೆದವರು ನೀವೊಬ್ಬರೇ. ಹೆಜ್ಜೆಯಲ್ಲಿ ಅಳೆದರೆ ಮೂವತ್ತು ಅಡಿ ಮೂವತ್ತೆರಡಾಗುತ್ತದೆ, ಸ್ವಾಮಿ. ಮೂವತ್ತೈದು ವರ್ಷ ಭೂಮಾಪನದ ಸರಪಳಿ ಹಿಡಿದವನು ನಾನು. ಊರಿನವರಿಗೆಲ್ಲ ಚಕ್ಕುಬಂದಿ ಗುರುತಿಸಿಕೊಟ್ಟೆ. ನನ್ನದು ಪತ್ರಿಕೆಯಲ್ಲಿ ಬಂತು.”

ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಬಂದ ಉದ್ದೇಶವನ್ನು ಮುಚ್ಚುಮರೆಯಿಲ್ಲದೆ ಹೇಳಿದೆ: ಮೊದಲು ಬಂದದ್ದು ಯಾತಕ್ಕೆ, ಈಗ ಬಂದದ್ದು ಯಾತಕ್ಕೆ ಎರಡನ್ನೂ. ಅವರು ತಮ್ಮ ಕಥೆ ಹೇಳಿದರು. ಮಗನ ವ್ಯಾಪಾರಕ್ಕೆಂದು ಮನೆ ಒತ್ತೆ ಇಟ್ಟಿದ್ದರು, ವ್ಯಾಪಾರ ಮುಳುಗಿತು, ಮಗ ಬೇರೆ ಊರಿನಲ್ಲಿ ಸಣ್ಣ ಕೆಲಸ ಹಿಡಿದು ತಿಂಗಳಿಗಿಷ್ಟು ಕಳಿಸುತ್ತಾನೆ, ಅದು ಬಡ್ಡಿಗೂ ಸಾಲದು. ಊರಿನ ಒಂದು ನಿವೇಶನ ಮಾರಿ ಹಣ ಹೊಂದಿಸುವ ಪ್ರಯತ್ನದಲ್ಲಿದ್ದರು. “ಅವಸರವಿಲ್ಲ. ಹರಾಜಿನ ದಿನ ಬೆಳಿಗ್ಗೆ ಹಣ ಕಟ್ಟಿದರೂ ಮನೆ ಉಳಿಯುತ್ತದೆ ಎಂದು ಹಳೆಯ ಸ್ನೇಹಿತರೊಬ್ಬರು, ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು, ಹೇಳಿದ್ದಾರೆ” ಎಂದರು.

ನಾನು ಪ್ರತಿಯನ್ನು ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಮೂರು ಸಲ ಓದಿದರು. ಬೆರಳು ಒಂದು ಸಾಲಿನ ಮೇಲೆ ನಿಂತಿತು.

“ಇದು ಯಾವಾಗ ಬದಲಾಯಿತು?”

“2016ರಲ್ಲಿ.”

“ನಮ್ಮ ಸ್ನೇಹಿತರು ಅದಕ್ಕೆ ಮೊದಲೇ ನಿವೃತ್ತರಾದರು” ಎಂದು ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದನ್ನು ಹೇಳುವುದರಿಂದ ನಿಮಗೇನು?” ಎಂದು ಕೇಳಿದರು. ಅದರಲ್ಲಿ ಸಂಶಯವಿರಲಿಲ್ಲ, ಲೆಕ್ಕ ಹೊಂದದಿದ್ದಾಗ ಅಧಿಕಾರಿಯೊಬ್ಬರು ಕೇಳುವ ಪ್ರಶ್ನೆಯಂತಿತ್ತು. ನನ್ನ ಬಳಿ ಉತ್ತರವಿರಲಿಲ್ಲ. ಒಳಗಿನಿಂದ ಅವರ ಪತ್ನಿ ಕಾಫಿ ತಂದದ್ದರಿಂದ ಪಾರಾದೆ.

ಮುಂದಿನದು ಹೆಚ್ಚು ವಿಸ್ತಾರವಿಲ್ಲ. ಊರಿನ ನಿವೇಶನದಿಂದ ಸಾಲ ತೀರುವಂತಿರಲಿಲ್ಲ. ಮನೆಯನ್ನೇ ತಾವಾಗಿ ಮಾರುವುದೆಂದು ಮನೆಮಂದಿ ಸೇರಿ ನಿಶ್ಚಯಿಸಿದರು. ತಗಾದೆಯ ನೋಟೀಸು ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಯಜಮಾನ ಮಾರುವಂತಿಲ್ಲ. ಆದರೆ ಒಪ್ಪಿಗೆ ಕೇಳಬಾರದೆಂದು ಎಲ್ಲಿಯೂ ಇಲ್ಲ. ಅವರ ಜೊತೆಯಲ್ಲಿ ನಾನೂ ಬ್ಯಾಂಕಿಗೆ ಹೋದೆ. ಅಧಿಕೃತ ಅಧಿಕಾರಿ ಒರಟಾಗಿರುತ್ತಾರೆಂದು ಭಾವಿಸಿದ್ದೆ, ಆಕೆ ಪೂರ್ತಿ ಕೇಳಿಸಿಕೊಂಡು, “ನಮಗೆ ಬೇಕಾದುದು ಹಣ, ಮನೆಯಲ್ಲ. ಕೊಳ್ಳುವವರನ್ನು ಬೇಗ ಕರೆತನ್ನಿ. ಪ್ರಕಟಣೆಗೆ ಕಳಿಸುವ ಮೊದಲು ಬಂದಿರಲ್ಲ, ಅದೇ ಪುಣ್ಯ” ಎಂದರು. ಪ್ರಕಟಣೆಯ ಕರಡು ಅವರ ಮೇಜಿನ ಮೇಲೆಯೇ ಇತ್ತು. ನಾನು ಸುಮ್ಮನಿದ್ದ ಹನ್ನೊಂದು ದಿನಗಳ ಬೆಲೆ ಎಷ್ಟಾಗಬಹುದಾಗಿತ್ತೆಂಬುದು ಆ ಕರಡನ್ನು ಕಂಡಾಗ ತಿಳಿಯಿತು. ಅಂದಿನಿಂದ ಆ ವಿಚಾರವನ್ನು ಯಾರೊಡನೆಯೂ ತಮಾಷೆಯಾಗಿ ಆಡಿಲ್ಲ.

ಹಿರಿಯರು ಮೊದಲು ನನ್ನನ್ನೇ ಕೇಳಿದರು: “ನೀವು ಕೊಳ್ಳುವುದಾದರೆ ಎಂಬತ್ತೈದಕ್ಕೆ ಕೊಡುತ್ತೇನೆ.” ಎಂಬತ್ತೈದು ನ್ಯಾಯವಾದ ಬೆಲೆ. ನ್ಯಾಯವಾದ ಬೆಲೆಗೆ ಕೊಳ್ಳುವ ಶಕ್ತಿ ನನ್ನಲ್ಲಿರಲಿಲ್ಲ. ಅನ್ಯಾಯವಾದ ಬೆಲೆಗೆ ಮಾತ್ರ ಇತ್ತು. ಕಡೆಗೆ ಪಶ್ಚಿಮದ ಮನೆಯವರು, ಚಕ್ಕುಬಂದಿಯಲ್ಲಿ ನಿವೇಶನ ಸಂಖ್ಯೆಯಾಗಿ ಮಾತ್ರ ಕಾಣಿಸಿಕೊಂಡಿದ್ದವರು, ಮಗಳಿಗಾಗಿ 88 ಲಕ್ಷಕ್ಕೆ ಕೊಂಡರು. ಇಷ್ಟು ವರ್ಷ ಗೋಡೆಯ ಆಚೆಗಿದ್ದವರಿಗೆ ಕೇಳಲು ಸಂಕೋಚ, ಇವರಿಗೆ ಹೇಳಲು ಅವಮಾನ. ಬಡ್ಡಿ ಖರ್ಚು ಸೇರಿ 42 ಲಕ್ಷ ಬ್ಯಾಂಕಿಗೆ ಸಂದಿತು. ಉಳಿದ 46ರಲ್ಲಿ ಹಿರಿಯರು ಊರ ಹೊರಗೆ ಎರಡು ಕೋಣೆಯ ಮನೆ ಮಾಡಿಕೊಂಡಿದ್ದಾರೆ. ಮನೆ ಉಳಿಯಲಿಲ್ಲ; ದಾಸವಾಳ ಉಳಿಯಲಿಲ್ಲ. ಸುಖಾಂತವೆಂದು ಹೇಳಲಾರೆ. ಆದರೆ ಅವರು ಹೊರಡುವ ದಿನವನ್ನು ಅವರೇ ಪಂಚಾಂಗ ನೋಡಿ ಇಟ್ಟುಕೊಂಡರು. ಹರಾಜಾಗಿದ್ದರೆ ಆ ದಿನವನ್ನು ಬೇರೆಯವರು ಇಡುತ್ತಿದ್ದರು.

ಭಾವಮೈದುನನಿಗೆ ಎಲ್ಲವನ್ನೂ ತಿಳಿಸಿದೆ. ದೂರವಾಣಿಯ ಆ ಕಡೆ ಬಹಳ ಹೊತ್ತು ಮೌನವಿದ್ದು, “ಭಾವ, ಇನ್ನುಮೇಲೆ ಹುಡುಕುವ ಕೆಲಸ ನಾನೇ ಮಾಡುತ್ತೇನೆ” ಎಂದ.

ಹರಾಜಿನ ಮನೆ ಕೊಳ್ಳುವುದು ಪಾಪವೆಂದು ನಾನು ಸಾರುತ್ತಿಲ್ಲ. ಬ್ಯಾಂಕಿನಲ್ಲಿರುವುದು ನಮ್ಮ ನಿಮ್ಮಂಥವರ ಠೇವಣಿ. ಕೊಟ್ಟ ಸಾಲ ಹಿಂದಿರುಗದಿದ್ದರೆ ಅದಕ್ಕೂ ಕುತ್ತು. ಯಾರೂ ವಾಸವಿಲ್ಲದ, ವ್ಯಾಪಾರಿಗಳು ಕೈಬಿಟ್ಟ, ಬೀಗ ತುಕ್ಕುಹಿಡಿದ ಮನೆಗಳು ಎಷ್ಟೋ ಇವೆ. ಅಂಥದನ್ನು ಹುಡುಕುವವರಿಗೆ ನನ್ನ ಅನುಭವ ಇಷ್ಟು: ತಾಣಗಳಿಗಿಂತ ಮೊದಲು ಕನ್ನಡ ಪತ್ರಿಕೆಯ ಸ್ವಾಧೀನ ಸೂಚನೆಗಳನ್ನು ನೋಡಿ, ಋಣಭಾರದ ಪತ್ರ, ಖಾತೆ, ಬಾಕಿಗಳನ್ನು ತಪ್ಪದೆ ತೆಗೆಸಿ, ಹಣ ಮೊದಲೇ ಸಿದ್ಧವಿಲ್ಲದೆ ಕೂಗಬೇಡಿ. ಒಳಗೆ ಜನರಿದ್ದರೆ ಇಲ್ಲದ ಪ್ರೊಫೆಸರರ ವಿಳಾಸ ಕೇಳದೆ ಬಂದ ಕಾರಣ ಹೇಳಿ. ಎಲ್ಲರಿಗಿಂತ ಮೊದಲು ತಿಳಿದದ್ದು ಅವರಿಗೂ ತಿಳಿದಿದೆಯೇ ಎಂದು ಒಂದು ಮಾತು ವಿಚಾರಿಸಿ. ಲಾಭ ಸ್ವಲ್ಪ ಕಡಮೆಯಾದೀತು. ನೀರು ಗಂಟಲಲ್ಲಿ ಇಳಿಯುತ್ತದೆ.

ಹಿರಿಯರು ಮನೆ ಖಾಲಿ ಮಾಡಿದ ದಿನ ನಾನೂ ನನ್ನಾಕೆಯೂ ಸಾಮಾನು ಸಾಗಿಸಲು ಹೋಗಿದ್ದೆವು. ಗಾಡಿ ಹೊರಡುವ ಮುಂಚೆ ಅವರು ಒಂದು ಹಳೆಯ ಪೆಟ್ಟಿಗೆ ತೆರೆದು, ಚರ್ಮದ ಚೀಲದಲ್ಲಿ ಸುತ್ತಿಟ್ಟಿದ್ದ ಉಕ್ಕಿನ ಅಳತೆ ಪಟ್ಟಿಯನ್ನು ನನ್ನ ಕೈಗೆ ಕೊಟ್ಟು, “ಇನ್ನುಮೇಲೆ ಹೆಜ್ಜೆಯಲ್ಲಿ ಅಳೆಯಬೇಡಿ” ಎಂದರು. ಅದು ನನ್ನ ಮೇಜಿನ ಖಾನೆಯಲ್ಲಿ, ಕತ್ತರಿಯ ಪಕ್ಕದಲ್ಲಿದೆ. ಅಳೆಯುವುದಕ್ಕೆ ಮನೆ ಇನ್ನೂ ಸಿಕ್ಕಿಲ್ಲ.